ಹತ್ತು ಹಾಸಿಗೆ ಎಲ್ಲಿವೆ?

ನಾನು ತ್ಯಾಮಗೊಂಡ್ಲಿನವನು. ಹೈಸ್ಕೂಲಿನಲ್ಲೂ ಆಮೇಲೆ ಪಿಯು ಕಾಲೇಜಿನಲ್ಲೂ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಡಾಕ್ಟರಲ್ಲ, ವಕೀಲನೂ ಅಲ್ಲ. ಆದರೂ ಇವತ್ತಿನ ಮಾತನ್ನು ಒಂದು ಕಾಯ್ದೆಯಿಂದಲೇ ಶುರು ಮಾಡಬೇಕಾಗಿದೆ. ನಮ್ಮ ಸಂಸತ್ತು 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾಡಿತು. 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ಅದರ ಹದಿನೆಂಟನೆಯ ಸೆಕ್ಷನ್ನಿನಲ್ಲಿ ಒಂದು ಮಾತಿದೆ. ಮಾನಸಿಕ ಕಾಯಿಲೆಯವರು ಯಾರೇ ಆಗಲಿ, ಮಕ್ಕಳಾಗಲಿ ವಯಸ್ಸಾದವರಾಗಲಿ, ಚಿಕಿತ್ಸೆಗಾಗಿ ಬಹುದೂರ ಹೋಗಬೇಕಾದ ಪರಿಸ್ಥಿತಿ ಬರಬಾರದು. ಅವರು ವಾಸವಾಗಿರುವ ಜಾಗಕ್ಕೆ ಹತ್ತಿರದಲ್ಲೇ ಅದು ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು. ಮಕ್ಕಳ ಮಾನಸಿಕ ಆರೋಗ್ಯಕ್ಕೆ ಬೇರೆಯಾಗಿಯೇ ಸೇವೆ ಇರಬೇಕೆಂದೂ ಅದೇ ಸೆಕ್ಷನ್ನು ಹೇಳುತ್ತದೆ.

ಇದನ್ನು ನಾನು ನಮ್ಮೂರಿನ ಬಸ್ ನಿಲ್ದಾಣದಲ್ಲಿ ನಿಂತು ಯೋಚಿಸುವವನು. ತ್ಯಾಮಗೊಂಡ್ಲಿನಿಂದ ನೆಲಮಂಗಲಕ್ಕೆ ಒಂದು ಬಸ್ಸು. ಅಲ್ಲಿಂದ ಮೆಜೆಸ್ಟಿಕ್ಕಿಗೆ ಇನ್ನೊಂದು. 2024ರ ನವೆಂಬರಿನಲ್ಲಿ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಅಲ್ಲಿಂದ ರೈಲು ಹಿಡಿಯುವವರೂ ಇದ್ದಾರೆ. ಯಾವ ದಾರಿ ಹಿಡಿದರೂ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್ ಬಾಗಿಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಬೆಳಗ್ಗೆ ಹೊತ್ತಿಗೆ ಮುಂಚೆ ಹೋಗಿ ಚೀಟಿ ಮಾಡಿಸಬೇಕೆಂದರೆ ಮೊದಲ ಬಸ್ಸೇ ಗತಿ. ಎರಡು ದಿನದಿಂದ ಕಣ್ಣು ಮುಚ್ಚದ, ಜನರ ಗುಂಪು ಕಂಡರೆ ಬೆವರುವ ಹದಿನಾರು ವರ್ಷದ ಹುಡುಗನನ್ನು ಆ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ಏನೆಂಬುದು ಹೋದವರಿಗೇ ಗೊತ್ತು.

ಅಂಥ ಒಬ್ಬ ಹುಡುಗನ ತಾಯಿಯ ಜೊತೆ ನಾನು ಹೋಗಿದ್ದೆ. ಹೆಸರು ಬೇಡ, ಹಳ್ಳಿಯ ಹೆಸರೂ ಬೇಡ. ಅಪ್ಪನಿಗೆ ದಾಬಸ್‌ಪೇಟೆಯ ಕಡೆ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ತಾಯಿ ಕೂಲಿ. ಹುಡುಗ ಎರಡನೇ ಪಿಯು. ದಸರಾ ರಜ ಮುಗಿದ ಮೇಲೆ ತರಗತಿಗೆ ಬಂದವನು ಮೊದಲಿನಂತೆ ಇರಲಿಲ್ಲ. ಹಿಂದಿನ ಬೆಂಚಿಗೆ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದ. ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಅನುಮಾನ ಹತ್ತಿತ್ತು. ರಾತ್ರಿ ಅಂಗಳದಲ್ಲಿ ಓಡಾಡುತ್ತಿದ್ದನಂತೆ. ಮನೆಯವರು ಮೊದಲು ದೇವರ ಮೊರೆ ಹೋದರು, ನಿಂಬೆಹಣ್ಣು ತಂದು ಹೊಸಿಲಲ್ಲಿ ಇಟ್ಟರು, ತಾಯತ ಕಟ್ಟಿಸಿದರು. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಕೂಗಳತೆಯಲ್ಲಿ ಸಿಗುವುದು ಅದೊಂದೇ ಆದಾಗ ಯಾರಾದರೂ ಅಲ್ಲಿಗೇ ಹೋಗುತ್ತಾರೆ.

ಕೊನೆಗೆ ನಗರದ ಒಂದು ಆಸ್ಪತ್ರೆಗೆ ಹೊರಟೆವು. ತಾಯಿಯ ಕೈಯಲ್ಲಿ ಬಟ್ಟೆ ಚೀಲ. ಅದರಲ್ಲಿ ರೇಷನ್ ಕಾರ್ಡು, ಆಧಾರ್ ಜೆರಾಕ್ಸು, ಚಿತ್ರಾನ್ನದ ಡಬ್ಬಿ, ಒಂದು ಬಾಟಲಿ ನೀರು. ಇವುಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಇದೇಕಮ್ಮ ಎಂದು ಕೇಳಿದೆ. "ಡಾಕ್ಟ್ರಿಗೆ ತೋರಿಸ್ಬೇಕು ಮೇಷ್ಟ್ರೇ. ಇವ್ನು ಮೊದ್ಲಿಂದ ಹಿಂಗಿರ್ಲಿಲ್ಲ ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ" ಎಂದರು. ಗಣಿತದಲ್ಲಿ ಅವನಿಗೆ ನೂರಕ್ಕೆ ತೊಂಬತ್ತರ ಮೇಲೆ ಬಂದಿತ್ತು.

ಡಾಕ್ಟರು ಒಳ್ಳೆಯವರು. ಹುಡುಗನ ಜೊತೆ ಬಹಳ ಹೊತ್ತು ಮಾತಾಡಿದರು, ಅಂಕಪಟ್ಟಿಯನ್ನೂ ಕೈಗೆ ತೆಗೆದುಕೊಂಡು ನೋಡಿದರು. ಕೆಲವು ವಾರ ಒಳರೋಗಿಯಾಗಿ ಇಟ್ಟುಕೊಂಡು ಮಾತ್ರೆ ಶುರು ಮಾಡಿದರೆ ಒಳ್ಳೆಯದು, ಆದರೆ ಈ ವಯಸ್ಸಿನವರ ವಾರ್ಡಿನಲ್ಲಿ ಇವತ್ತು ಹಾಸಿಗೆ ಖಾಲಿ ಇಲ್ಲ, ಹೆಸರು ಬರೆದುಕೊಂಡಿರುತ್ತೇವೆ ಎಂದರು. ಮಾತ್ರೆ ಬರೆದು ಕೊಟ್ಟು ಮುಂದಿನ ವಾರ ಬನ್ನಿ ಎಂದರು. ಹಾಸಿಗೆ ಇದೆ ಎಂದು ಫೋನು ಬಂದದ್ದು ಬಹಳ ದಿನಗಳ ಮೇಲೆ. ಅಷ್ಟರಲ್ಲಿ ತಾಯಿ ಕೂಲಿ ಬಿಟ್ಟು ಬಿಟ್ಟು ಸಾಲವಾಗಿತ್ತು. ಒಂದು ತಿಂಗಳು ವಾರ್ಡಿನಲ್ಲಿ ಜೊತೆಗಿರಲು ಯಾರಿಗೂ ಆಗುವಂತಿರಲಿಲ್ಲ. ಅವರು ಹೋಗಲಿಲ್ಲ. ಆ ವರ್ಷ ಹುಡುಗ ಪರೀಕ್ಷೆಗೆ ಕೂರಲಿಲ್ಲ. ಈಗ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾನೆ, ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ, ಸಿಕ್ಕರೆ ನಮಸ್ಕಾರ ಹೇಳುತ್ತಾನೆ. ಆದರೆ ಕಾಯಿಲೆ ಶುರುವಾದ ಮೊದಲ ತಿಂಗಳುಗಳು ಕೈತಪ್ಪಿ ಹೋದವು. ಈ ಬಗೆಯ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಮಾತು.

ಎಲ್ಲ ಮಕ್ಕಳಿಗೂ ಆಸ್ಪತ್ರೆಯ ಹಾಸಿಗೆ ಬೇಕು ಎಂದು ನಾನು ಹೇಳುತ್ತಿಲ್ಲ. ಬಹಳ ಮಂದಿಗೆ ಬೇಡ. ಪರೀಕ್ಷೆಯ ಭಯ, ಮಂಕು, ಮನೆಯ ಜಗಳದಿಂದ ಬಂದ ಸಂಕಟ, ಮೊಬೈಲು ಬಿಡಲಾಗದ ಚಾಳಿ, ಇವುಗಳಿಗೆ ಆಪ್ತಸಮಾಲೋಚನೆ, ಬೇಕಿದ್ದರೆ ಮಾತ್ರೆ, ಮನೆಯವರ ತಾಳ್ಮೆ ಸಾಕು. ಹಾಸಿಗೆ ಬೇಕಾಗುವುದು ಕೆಲವರಿಗೆ ಮಾತ್ರ. ಊಟ ಬಿಟ್ಟವರಿಗೆ, ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ತಲೆಯಲ್ಲಿ ಕೂತವರಿಗೆ, ಇಲ್ಲದ ದನಿ ಕೇಳಿಸುವವರಿಗೆ, ಮನೆಯಲ್ಲೇ ಉಸಿರು ಕಟ್ಟುವಂತಿರುವವರಿಗೆ. ಕೆಲವರೇ ಆದರೂ ಅವರಿಗೆ ಬೇಕಾಗುವುದು ಇವತ್ತು, ಮುಂದಿನ ತಿಂಗಳಲ್ಲ.

ಎಷ್ಟು ಮಂದಿ ಮಕ್ಕಳಿಗೆ ತೊಂದರೆಯಿದೆ? ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದಕ್ಕೆ ಮುಂಚಿನ ಪ್ರಾಯೋಗಿಕ ಸಮೀಕ್ಷೆ ನಡೆದದ್ದು ನಮ್ಮ ಪಕ್ಕದ ಕೋಲಾರದಲ್ಲಿ. 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ದೊಡ್ಡ ನಗರಗಳಲ್ಲಿ ಇದು 13.5, ಹಳ್ಳಿಗಾಡಿನಲ್ಲಿ 6.9. ಹಳ್ಳಿಯ ಲೆಕ್ಕವನ್ನೇ ಹಿಡಿಯಿರಿ. ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ವರು. ನಾನು ಇಷ್ಟು ವರ್ಷ ಹಾಜರಿ ಕೂಗಿದ ಪ್ರತಿ ತರಗತಿಯಲ್ಲೂ ನಾಲ್ವರು ಇದ್ದರು ಎಂದಾಯಿತು. ದೊಡ್ಡವರಾದ ಮೇಲೆ ಕಾಡುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕು ತುಂಬುವುದರೊಳಗೇ ತಲೆ ಹಾಕಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಅಂದರೆ ಎಂಟನೇ, ಒಂಬತ್ತನೇ ತರಗತಿ. ಇನ್ನೊಂದು ಲೆಕ್ಕವನ್ನು ಹೇಳಲು ಗಂಟಲು ಕಟ್ಟುತ್ತದೆ, ಆದರೂ ಹೇಳಬೇಕು. 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆಯಿಂದ ಹೋದವರು 1,70,924 ಮಂದಿ, ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಕರ್ನಾಟಕದಲ್ಲಿ ಆ ವರ್ಷ ಎಲ್ಲ ವಯಸ್ಸಿನವರೂ ಸೇರಿ 13,606. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಟಿಸಿದ ಲೆಕ್ಕ.

ಈಗ ಹಾಸಿಗೆಯ ವಿಷಯಕ್ಕೆ ಬರೋಣ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದೊಂದು ಯೋಜನೆ ಇದೆ. ದೇಶದ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳಿಗೂ ಅದು ಮಂಜೂರಾಗಿದೆ. ಜಿಲ್ಲಾ ಮಟ್ಟದಲ್ಲಿ ಹತ್ತು ಹಾಸಿಗೆಗಳ ಒಳರೋಗಿ ವಿಭಾಗಕ್ಕೆ ಅದರಲ್ಲಿ ಅವಕಾಶವಿದೆ. ಹತ್ತು ಹಾಸಿಗೆ! ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕು ತಾಲ್ಲೂಕು. 2011ರ ಜನಗಣತಿಯಲ್ಲಿ 9,90,923 ಜನ. ಆಮೇಲೆ ವಿಮಾನ ನಿಲ್ದಾಣದ ಸುತ್ತಮುತ್ತ, ಕೈಗಾರಿಕೆಗಳ ಸುತ್ತಮುತ್ತ ಎಷ್ಟು ಬೆಳೆದಿದೆ ಎಂಬುದು ನಿಮ್ಮ ಕಣ್ಣೆದುರಿಗೇ ಇದೆ. ಇಷ್ಟು ಜನಕ್ಕೆ ಹತ್ತು ಹಾಸಿಗೆ ಎಂದರೆ ಲಕ್ಷಕ್ಕೆ ಒಂದು. ದೊಡ್ಡವರು, ಮಕ್ಕಳು, ಹೆಂಗಸರು, ಗಂಡಸರು ಎಲ್ಲರಿಗೂ ಸೇರಿಸಿ.

ಮಕ್ಕಳ ಪಾಲಿಗೆ ಈ ಹತ್ತು ಕೂಡ ಹತ್ತಾಗಿ ಉಳಿಯುವುದಿಲ್ಲ. ಕಾಯ್ದೆಯ 87ನೆಯ ಸೆಕ್ಷನ್ನು ನೋಡಿ. ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳಬೇಕಾದರೆ ಇಬ್ಬರು ಮನೋವೈದ್ಯರು, ಇಲ್ಲವೇ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ, ಇದು ಬೇಕೇ ಬೇಕು ಎಂದು ಒಪ್ಪಬೇಕು. ಮಕ್ಕಳನ್ನು ದೊಡ್ಡವರ ಜೊತೆ ಇಡುವಂತಿಲ್ಲ. ಅವರ ವಯಸ್ಸಿಗೆ ತಕ್ಕ ಜಾಗ ಬೇರೆಯೇ ಇರಬೇಕು. ಮನೆಯವರೊಬ್ಬರು ಅಥವಾ ಅವರು ಗೊತ್ತುಮಾಡಿದ ಸಹಾಯಕರು ಪೂರ್ತಿ ಅವಧಿ ಜೊತೆಗಿರಬೇಕು, ಹೆಣ್ಣುಮಕ್ಕಳಾದರೆ ಜೊತೆಗಿರುವವರು ಹೆಂಗಸೇ ಆಗಿರಬೇಕು. ಸೇರಿಸಿಕೊಂಡ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಇದೆಲ್ಲ ಮಕ್ಕಳ ರಕ್ಷಣೆಗಾಗಿ ಮಾಡಿದ ಒಳ್ಳೆಯ ನಿಯಮ. ಒಂದು ಪದವೂ ಸಡಿಲವಾಗಬಾರದು. ಆದರೆ ಬೇರೆ ಕೋಣೆಯೇ ಇಲ್ಲದ ಹತ್ತು ಹಾಸಿಗೆಯ ವಾರ್ಡಿಗೆ ಹದಿನೈದು ವರ್ಷದ ಹುಡುಗಿ ಬಂದರೆ ಅಲ್ಲಿನ ವೈದ್ಯರು ಏನು ಮಾಡಬೇಕು? ನಿಮ್ಹಾನ್ಸಿಗೆ ಚೀಟಿ ಬರೆಯಬೇಕು. ಹೀಗೆ ಹತ್ತಾರು ಜಿಲ್ಲೆಗಳ ಮಕ್ಕಳು ಒಂದೇ ಬಾಗಿಲಿಗೆ ಬರುತ್ತಾರೆ. ಅಲ್ಲಿ ಹಾಸಿಗೆ ತುಂಬಿರುವುದು ಅಲ್ಲಿಯವರ ತಪ್ಪಲ್ಲ.

ಜೊತೆಗೆ ಮನೆಯವರು ಇರಬೇಕೆಂಬ ಈ ಪದ್ಧತಿಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಹಿನ್ನೆಲೆ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರಿದ್ದರು. ರೋಗಿಗಳನ್ನು ಗೋಡೆಯೊಳಗೆ ಹಾಕಿ ಮನೆಯವರನ್ನು ಹೊರಗೆ ಕಳಿಸುವ ರೂಢಿ ಆಗ. ಅವರು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಮನೆಯವರನ್ನು ರೋಗಿಗಳ ಜೊತೆಯಲ್ಲೇ ಇರಿಸಿದರು. ರೋಗಿಗಳು ಬೇಗ ಗುಣವಾಗಿ ಮನೆಗೆ ಹೋದರು, ಮನೆಯವರು ಕಾಯಿಲೆಯನ್ನು ಅರ್ಥಮಾಡಿಕೊಂಡು ಹೋದರು. ಆಮೇಲೆ ವೆಲ್ಲೂರು, ಬೆಂಗಳೂರು ಎಲ್ಲ ಕಡೆ ಮನೆಯವರಿಗೆ ವಾರ್ಡಿನಲ್ಲಿ ಜಾಗ ಸಿಕ್ಕಿತು. ಇದು ನಾವು ಹೆಮ್ಮೆ ಪಡಬೇಕಾದ ವಿಷಯ. ಆದರೆ ಈ ಪದ್ಧತಿ ಬಡವರಿಗೂ ದಕ್ಕಬೇಕಾದರೆ ಆಸ್ಪತ್ರೆ ಹತ್ತಿರ ಇರಬೇಕು. ನೆಲಮಂಗಲದಲ್ಲೋ ದೊಡ್ಡಬಳ್ಳಾಪುರದಲ್ಲೋ ಹಾಸಿಗೆ ಇದ್ದರೆ ತಾಯಿ ಎರಡು ದಿನ ಇದ್ದು, ಆಮೇಲೆ ಅಜ್ಜಿ ಇದ್ದು, ಭಾನುವಾರ ಅಪ್ಪ ಬಂದು ಸಂಭಾಳಿಸುತ್ತಾರೆ. ಮನೆಯ ದನಕ್ಕೆ ಹುಲ್ಲು ಹಾಕುವವರು ಇರುತ್ತಾರೆ. ಉಳಿದ ಮಕ್ಕಳು ಸ್ಕೂಲಿಗೆ ಹೋಗುತ್ತಾರೆ. ಐವತ್ತು ಕಿಲೋಮೀಟರು ದೂರವಾದರೆ ಇಡೀ ಸಂಸಾರ ಬೀದಿಗೆ ಬೀಳುತ್ತದೆ.

ದುಡ್ಡಿನ ವಿಷಯ. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಿಂದ ಜಿಲ್ಲಾ ಕಾರ್ಯಕ್ರಮಕ್ಕೆ ವರ್ಷಕ್ಕೆ ಹೆಚ್ಚೆಂದರೆ 83.2 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ಜಿಲ್ಲೆಯ 2011ರ ಜನಸಂಖ್ಯೆಗೆ ಹಂಚಿದರೆ ತಲೆಗೆ ಎಂಟು ರೂಪಾಯಿ ನಲವತ್ತು ಪೈಸೆ. ವರ್ಷಕ್ಕೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸುಗಳು ಇವರ ಸಂಬಳ, ಔಷಧಿ, ತರಬೇತಿ, ಪ್ರಚಾರ, ಓಡಾಟ ಎಲ್ಲ ಇದರಲ್ಲೇ. ಹಾಸಿಗೆ ಎಂದಾಗ ಕಬ್ಬಿಣದ ಮಂಚಕ್ಕೆ ಆಗುವ ಖರ್ಚು ಏನೂ ಅಲ್ಲ. ಒಂದು ವಾರ್ಡಿನಲ್ಲಿ ಹಗಲು ರಾತ್ರಿ ಒಬ್ಬ ನರ್ಸು ಇರಬೇಕಾದರೆ ಮೂರು ಪಾಳಿ, ವಾರದ ರಜ, ಹೆರಿಗೆ ರಜ ಎಲ್ಲ ಸೇರಿ ನಾಲ್ಕೈದು ಮಂದಿಯನ್ನು ನೇಮಿಸಬೇಕು. ಮಕ್ಕಳ ವಾರ್ಡಾದರೆ ಜೊತೆಗಿರುವವರಿಗೂ ಮಲಗಲು ಜಾಗ, ಅಡ್ಡಾಡಲು ಒಂದಿಷ್ಟು ಅಂಗಳ, ಕೇರಂ ಬೋರ್ಡು, ಪುಸ್ತಕ, ತಪ್ಪಿದ ಪಾಠ ಹೇಳಿಕೊಡಲು ಒಬ್ಬ ಮೇಷ್ಟ್ರು. ಕಿಟಕಿ, ಫ್ಯಾನು, ಬಚ್ಚಲುಮನೆಯ ಚಿಲಕ ಇವನ್ನೆಲ್ಲ ಯಾರಿಗೂ ಅಪಾಯವಾಗದಂತೆ ಮಾಡಿಸಬೇಕು. ಇದಕ್ಕೆಲ್ಲ ತಲೆಗೆ ಎಂಟು ರೂಪಾಯಿ ಸಾಲದು ಎಂದು ಹೇಳಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ.

ಕೇಂದ್ರದ ಲೆಕ್ಕ ನೋಡಿ. 2024-25ರಲ್ಲಿ ಆರೋಗ್ಯ ಸಚಿವಾಲಯಕ್ಕೆ ಸುಮಾರು 91 ಸಾವಿರ ಕೋಟಿ. ಅದರಲ್ಲಿ ಮಾನಸಿಕ ಆರೋಗ್ಯದ ಹೆಸರಿನಲ್ಲಿ ನೇರವಾಗಿ ಕಾಣುವುದು ನಿಮ್ಹಾನ್ಸಿಗೆ 850 ಕೋಟಿ, ಅಸ್ಸಾಮಿನ ತೇಜಪುರದ ಸಂಸ್ಥೆಗೆ 64 ಕೋಟಿ, ಟೆಲಿ ಮಾನಸ್ ಎಂಬ ಫೋನ್ ಸೇವೆಗೆ 90 ಕೋಟಿ. ಒಟ್ಟು ನೂರು ರೂಪಾಯಿಗೆ ಒಂದು ರೂಪಾಯಿ ಚಿಲ್ಲರೆ. ಆ ಫೋನ್ ಸೇವೆಗೂ ಹಿಂದಿನ ವರ್ಷ ಸುಮಾರು 134 ಕೋಟಿ ಇಟ್ಟಿದ್ದರು, ಅದು ಇಳಿಯಿತು. ಜಿಲ್ಲೆಗಳಿಗೆ ಬರುವ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ದೊಡ್ಡ ಗಂಟಿನೊಳಗೆ ಸೇರಿಕೊಂಡಿರುತ್ತದೆ. ಅರವತ್ತು ಪಾಲು ಕೇಂದ್ರ, ನಲವತ್ತು ಪಾಲು ರಾಜ್ಯ. ಬೇರೆಯಾಗಿ ಕಾಣದ ಹಣವನ್ನು ಯಾರೂ ಕೇಳುವುದಿಲ್ಲ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಎಷ್ಟು ಹೋಯಿತು, ಮನಸ್ಸಿನ ಕಾಯಿಲೆಗೆ ಎಷ್ಟು ಉಳಿಯಿತು ಎಂಬುದು ಅಧಿಕಾರಿಗಳ ಟೇಬಲಿನ ಮೇಲೆ ತೀರ್ಮಾನವಾಗುತ್ತದೆ. ನಿಮ್ಹಾನ್ಸಿಗೆ ಒಂದು ಪೈಸೆಯೂ ಕಡಿಮೆಯಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಇಡೀ ದೇಶದ ಆಸ್ತಿ. ಆದರೆ ಬೇರಿಗೆ ನೀರು ಹಾಕದೆ ತುದಿಗೆ ಮಾತ್ರ ಹಾಕಿದರೆ ತುದಿಯೂ ಬಾಡುತ್ತದೆ.

ನಮ್ಮ ಕಡೆ ಹಾಸಿಗೆ ಸಿಗದಿರಲು ಇನ್ನೊಂದು ಕಾರಣವೂ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜು ಇರುವ ಜಿಲ್ಲೆಯಲ್ಲಿ ಮನೋವೈದ್ಯ ವಿಭಾಗ ತಾನಾಗಿ ಬರುತ್ತದೆ, ಪ್ರೊಫೆಸರು ಬರುತ್ತಾರೆ, ಓದುವ ಹುಡುಗರು ಬರುತ್ತಾರೆ, ವಾರ್ಡು ಬರುತ್ತದೆ. ನಮ್ಮ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜಿಲ್ಲ. ಪಕ್ಕದಲ್ಲೇ ಬೆಂಗಳೂರು ಇದೆಯಲ್ಲ, ಇವರಿಗೇಕೆ ಎಂಬ ಮಾತನ್ನು ನಾವು ಎಲ್ಲದರಲ್ಲೂ ಕೇಳಿದ್ದೇವೆ. ನಗರಕ್ಕೆ ಹಾಲು, ಸೊಪ್ಪು, ಹೂವು, ಕೆಲಸಗಾರರು ನಮ್ಮಿಂದ ಹೋಗುವಾಗ ಹತ್ತಿರ. ನಮ್ಮ ಮಗು ಆಸ್ಪತ್ರೆಗೆ ಹೋಗುವಾಗ ಅದೇ ನಗರ ದೂರ.

ಇದನ್ನು ಹೇಳುವಾಗ ನನಗೆ ಸೋಲೂರು ನೆನಪಾಗುತ್ತದೆ. ನೆಲಮಂಗಲದಿಂದ ಕುಣಿಗಲ್ ರಸ್ತೆಯಲ್ಲಿ ಹೋದರೆ ಸಿಗುವ ಸೋಲೂರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ, ಭಾರತದ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಆ ಊರಿನ ಹೆಸರಿದೆ. ಮನಸ್ಸಿನ ಕಾಯಿಲೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಲು ಆಗುತ್ತದೆಯೇ, ಸಾಮಾನ್ಯ ಎಂಬಿಬಿಎಸ್ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಇದನ್ನು ಕಲಿಸಬಹುದೇ ಎಂಬ ಪ್ರಶ್ನೆ ಆಗ ಇತ್ತು. ನಿಮ್ಹಾನ್ಸಿನವರು ಮೊದಲು 1970ರ ದಶಕದಲ್ಲಿ ಆನೇಕಲ್ ಕಡೆಯ ಸಕಲವಾರದಲ್ಲಿ ಕೇಂದ್ರ ಮಾಡಿ ಸುತ್ತಲ ಹಳ್ಳಿಗಳಲ್ಲಿ ಕೆಲಸ ಶುರು ಮಾಡಿದರು. ಆಮೇಲೆ 1980ರ ದಶಕದಲ್ಲಿ ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಮಾಡಿ ನೋಡಿದರು. ಆಗುತ್ತದೆ ಎಂದು ಗೊತ್ತಾಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆ ಪೂರ್ತಿ ತೆಗೆದುಕೊಂಡರು. ಹದಿನೈದು ಲಕ್ಷ ಜನಸಂಖ್ಯೆಯ ಜಿಲ್ಲೆ ಅದು. ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಇದನ್ನೇ. ಆ ತಂಡದಲ್ಲಿ ದುಡಿದವರಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಒಬ್ಬರು. ಅವರ ಕನ್ನಡ ಪುಸ್ತಕಗಳನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ದೇಶಕ್ಕೆಲ್ಲ ದಾರಿ ತೋರಿಸಿದ ಪ್ರಯೋಗ ನಮ್ಮ ನೆರೆಯಲ್ಲಿ ನಡೆಯಿತು. ಆದ್ದರಿಂದ ಇದು ನಮ್ಮ ಕಡೆ ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಗಿರುವ ಕೆಲಸವನ್ನೂ ಹೇಳಬೇಕು. ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಕಾರ್ಯಕ್ರಮವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡು ಅದು. ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆ ಜಿಲ್ಲೆಯಲ್ಲಿ ಯುವ ಸ್ಪಂದನ ಕೇಂದ್ರಗಳನ್ನು ನಡೆಸುತ್ತಿದೆ. ಟೆಲಿ ಮಾನಸ್ ಶುರುವಾದದ್ದೇ ಬೆಂಗಳೂರಿನಲ್ಲಿ, 2022ರ ಅಕ್ಟೋಬರ್ 10ರಂದು. 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇವೆಲ್ಲ ಒಳ್ಳೆಯವು. ಆದರೆ ಫೋನಿನಲ್ಲಿ ಮಾತಾಡಿದ ಸಮಾಲೋಚಕರು, ಈ ಮಗುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು ಎಂದಾಗ ಸೇರಿಸುವುದೆಲ್ಲಿ? ಮಂಗಳವಾರ ಬಂದ ಮನೋವೈದ್ಯರು ಬುಧವಾರ ಇನ್ನೊಂದು ಕಡೆ ಇರುತ್ತಾರೆ. ಫೋನಿಗೂ ನಿಮ್ಹಾನ್ಸಿಗೂ ನಡುವೆ ಜಿಲ್ಲೆಯ ಮಟ್ಟದಲ್ಲಿ ಒಂದು ವಾರ್ಡು ಬೇಕೇಬೇಕು.

ವಯಸ್ಸಿನ ಗೆರೆ ಇನ್ನೊಂದು ತೊಡಕು. ಹದಿನೇಳಕ್ಕೆ ಮಕ್ಕಳ ವಿಭಾಗದಲ್ಲಿ ತೋರಿಸುತ್ತಿದ್ದವರು ಹದಿನೆಂಟಾದ ಕೂಡಲೇ ದೊಡ್ಡವರ ವಿಭಾಗಕ್ಕೆ ಹೋಗಬೇಕು. ಹೊಸ ಡಾಕ್ಟರು, ಹೊಸ ಫೈಲು, ಮತ್ತೆ ಮೊದಲಿಂದ ಕಥೆ ಹೇಳಬೇಕು. ಎಷ್ಟೋ ಹುಡುಗರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೆಡ್‌ಸ್ಪೇಸ್ ಎಂಬ ಕೇಂದ್ರಗಳಿವೆ, 12ರಿಂದ 25 ವರ್ಷದವರಿಗೆ ಒಂದೇ ಕಡೆ. ಪೇಟೆಯ ನಡುವೆಯೇ, ಯಾರು ಬೇಕಾದರೂ ಸಂಕೋಚವಿಲ್ಲದೆ ಒಳಗೆ ಹೋಗುವಂತೆ ಇರುತ್ತವೆ. ಹಾಗೆಂದು ಶ್ರೀಮಂತ ದೇಶಗಳಲ್ಲಿ ಎಲ್ಲ ಸರಿಯಾಗಿದೆ ಎಂದಲ್ಲ. ಇಂಗ್ಲೆಂಡಿನಲ್ಲೂ ಹತ್ತಿರ ಹಾಸಿಗೆ ಸಿಗದೆ ಹದಿಹರೆಯದವರನ್ನು ಮನೆಯಿಂದ ಬಹಳ ದೂರದ ಊರಿನ ಆಸ್ಪತ್ರೆಗೆ ಕಳಿಸುವುದು ವರ್ಷಗಟ್ಟಲೆ ಅಲ್ಲಿನ ದೊಡ್ಡ ದೂರಾಗಿದೆ. ತಾಯಿಯ ಸಂಕಟ ಅಲ್ಲಿಯೂ ಇದೇ.

ಶಾಲೆ ಕಾಲೇಜುಗಳ ಕಡೆಗೂ ಒಂದು ಮಾತು, ನಾನು ಅಲ್ಲಿಯವನಾದ್ದರಿಂದ. ಮಗು ಬದಲಾದದ್ದು ಮೊದಲು ಕಾಣುವುದು ತರಗತಿಯಲ್ಲಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು ಎಂದು ಸುಪ್ರೀಂ ಕೋರ್ಟು 2025ರ ಜುಲೈ 25ರ ತೀರ್ಪಿನಲ್ಲಿ ಹೇಳಿದೆ. ಮಾನಸಿಕ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದೂ ಅದೇ ತೀರ್ಪು ಹೇಳಿದೆ. ನಮ್ಮ ಸುತ್ತಲಿನ ಎಷ್ಟೋ ಹೈಸ್ಕೂಲುಗಳು, ಪಿಯು ಕಾಲೇಜುಗಳು ಈ ನೂರರ ಲೆಕ್ಕಕ್ಕೆ ಬರುತ್ತವೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ವಾರ್ಷಿಕೋತ್ಸವದ ಜೊತೆಗೆ ಇದನ್ನೂ ಪೋಷಕರು ಎತ್ತಬೇಕು. ಮೇಷ್ಟ್ರುಗಳಿಗೂ ಹೇಳುತ್ತೇನೆ: ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಹೋದ ಮಗುವನ್ನು ಎಬ್ಬಿಸಿ ಬೈಯಬೇಡಿ, ತರಗತಿ ಮುಗಿದ ಮೇಲೆ ಹತ್ತಿರ ಕರೆದು ಕೇಳಿ.

ಕೇಳುಗರೇ, ನಾವು ಮಾಡಬಹುದಾದದ್ದು ಇದೆ, ಅದು ನಮ್ಮ ಕೈಯಳತೆಯಲ್ಲೇ ಇದೆ. ಗ್ರಾಮಾಂತರ ಜಿಲ್ಲೆಯ ಪಾಲಿನ ಆ ಹತ್ತು ಹಾಸಿಗೆ ಯಾವ ಆಸ್ಪತ್ರೆಯಲ್ಲಿವೆ, ಅವುಗಳಲ್ಲಿ ಹದಿನೆಂಟು ತುಂಬದವರಿಗೆ ಬೇರೆ ಕೋಣೆ ಇದೆಯೇ, ರಾತ್ರಿ ನರ್ಸು ಇದ್ದಾರೆಯೇ, ಹೋದ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಗದೆ ವಾಪಸ್ಸು ಹೋಯಿತು ಎಂದು ಕೇಳಬೇಕು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಬರೆದರೆ ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿ ಉತ್ತರ ಕೊಡಲೇಬೇಕು. ತಾಲ್ಲೂಕಿನ ಅಭಿವೃದ್ಧಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಕೂತಿರುತ್ತಾರೆ, ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಮ್ಮ ಊರಿನವರೇ ಸದಸ್ಯರಾಗಿರುತ್ತಾರೆ, ಗ್ರಾಮಸಭೆ ನಮ್ಮದೇ. ರಸ್ತೆ ಗುಂಡಿಯ ಬಗ್ಗೆ ಕೇಳುವ ಗಂಟಲಿನಲ್ಲೇ ಇದನ್ನೂ ಕೇಳೋಣ. ಹತ್ತರಲ್ಲಿ ನಾಲ್ಕು ಹಾಸಿಗೆ ಮಕ್ಕಳಿಗೆ, ಬೇರೆ ಕೋಣೆಯಲ್ಲಿ, ತಾಯಿಗೂ ಮಲಗಲು ಜಾಗವಿರುವಂತೆ ಇರಲಿ ಎಂಬುದು ನನ್ನ ಬೇಡಿಕೆ. ಜೊತೆಗಿರುವ ಕೂಲಿ ಹೆಂಗಸಿಗೆ ಊಟವನ್ನೂ ದಿನಕ್ಕೆ ಇಷ್ಟು ಎಂದು ಭತ್ಯೆಯನ್ನೂ ಸರ್ಕಾರ ಕೊಡಬೇಕು. ಇಲ್ಲದಿದ್ದರೆ ಹಾಸಿಗೆ ಇದ್ದರೂ ಬಡವರ ಮಗು ಅದರ ಮೇಲೆ ಮಲಗುವುದಿಲ್ಲ. ಜಿಲ್ಲೆಯಲ್ಲಿ ಸರ್ಕಾರದ ಸೇವೆ ಸಿಗದೆ ಅದೇ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಖರ್ಚನ್ನು ಸರ್ಕಾರವೇ ಭರಿಸಬೇಕು ಎಂದು ಅದೇ ಹದಿನೆಂಟನೆಯ ಸೆಕ್ಷನ್ನು ಹೇಳುತ್ತದೆ. ಈ ಮಾತು ನಮ್ಮ ವಕೀಲ ಮಿತ್ರರ ಕಿವಿಗೂ ಬೀಳಲಿ.

ಇವತ್ತು ಮನೆಯಲ್ಲಿ ಮಗು ಸೊರಗಿದ್ದರೆ, ಸಾಯುವ ಮಾತಾಡುತ್ತಿದ್ದರೆ, ವಾರ್ಡು ಬರಲಿ ಎಂದು ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಈಗಲೇ ಫೋನು ಮಾಡಿ. ನೆಲಮಂಗಲದ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ಮಂಗಳವಾರ ಸಿಗುತ್ತಾರೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಕರೆದುಕೊಂಡು ಹೋಗಿ. ತೀರಾ ತುರ್ತಾದರೆ ನಿಮ್ಹಾನ್ಸಿನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.